ಕೋಲುಮಂಡೆಯ ಬೆನ್ನು ಹತ್ತಿ ಮಾದಪ್ಪನ ಬೆಟ್ಟಕ್ಕೆ

ಕೊಳ್ಳೇಗಾಲದ ಬಸ್ ಸ್ಟ್ಯಾಂಡು. ಬೆಳಗಿನ ಆರೂವರೆ. ಮಾರನೆಯ ದಿನ ಅಮಾವಾಸ್ಯೆ. ಇಷ್ಟು ಹೇಳಿದರೆ ಸಾಕು, ನಮ್ಮ ಸೀಮೆಯ ಓದುಗರಿಗೆ ಮಿಕ್ಕದ್ದು ಕಣ್ಣಿಗೆ ಕಟ್ಟುತ್ತದೆ! ಮಾದಪ್ಪನ ಬೆಟ್ಟದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವಲು, ಚೀಲ, ಚಪ್ಪಲಿ ಎಲ್ಲ ಒಳಗೆ ಹೋಗಿ ಸೀಟು ಹಿಡಿದಿರುತ್ತವೆ. ಅದರಲ್ಲೂ 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಗಂಡಸರ ಪಾಡು ಕೇಳುವವರಿಲ್ಲ. ಹೊಸ ಪಿಕ್ಚರಿಗೆ ಮೊದಲನೇ ದಿನ ಮೊದಲನೇ ಆಟದ ಟಿಕೆಟ್ ಕಿತ್ತುಕೊಂಡ ಅನುಭವ ಇದ್ದುದರಿಂದ ನಾನು ಹೇಗೋ ನುಗ್ಗಿ ಹಿಂದಿನ ಸೀಟಿನಲ್ಲಿ ಮೂಲೆ ಹಿಡಿದೆ.

ನನ್ನ ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಒಳಗಿಂದ ‘ಖಣ್’ ಎಂದು ಸದ್ದು. ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ. ತಲೆಗೆ ಬಣ್ಣ, ಕಿವಿಗೆ ಓಲೆ, ಕೈಯಲ್ಲಿ ಮೊಬೈಲು. ಮಧುವನಹಳ್ಳಿ ದಾಟುವ ಹೊತ್ತಿಗೆ ಅವನ ಮೊಬೈಲು ಹಾಡತೊಡಗಿತು... ಕೋಲುಮಂಡೆ! ನೀವು ‘ಜನುಮದ ಜೋಡಿ’ಯಲ್ಲಿ ಕೇಳಿದ ಕೋಲುಮಂಡೆ ಅಲ್ಲ. ಎದೆಗೂಡು ಗುದ್ದುವ ಡಿ.ಜೆ. ಕೋಲುಮಂಡೆ. ಹುಡುಗನ ಮೊಣಕಾಲು ಕುಣಿಯಿತು. ಸುಳ್ಳೇಕೆ ಹೇಳಲಿ, ನನ್ನದೂ ಕುಣಿಯಿತು! ಮುಂದಿನ ಸೀಟಿನ ಅಜ್ಜಿ ಮಾತ್ರ ತಿರುಗಿ, “ಅದ ಸಣ್ಣಕ್ ಮಾಡಪ್ಪ. ಮಾದಪ್ಪನ ಹಾಡ ಹಿಂಗಾ ಕೇಳದು?” ಅಂದಿತು.

ಹುಡುಗ ಸಣ್ಣಕ್ಕೆ ಮಾಡಲಿಲ್ಲ, ನಿಲ್ಲಿಸಿಯೇ ಬಿಟ್ಟ. ಆಗ ಕೇಳಿಸಿತು ನನ್ನ ಚೀಲದ ‘ಖಣ್’.

ಆ ಸದ್ದಿನ ಕಥೆಯನ್ನೇ ಈಗ ಹೇಳಲು ಹೊರಟಿರುವುದು.

ಮಾವನನ್ನು ಕಂಡು ಬಚ್ಚಿಟ್ಟುಕೊಂಡವನು

ಚೀಲದಲ್ಲಿದ್ದದ್ದು ಕಂಸಾಳೆ. ನಮ್ಮ ಸೋದರಮಾವನದು. ಆತ ಮಾದಪ್ಪನ ದೇವರಗುಡ್ಡ. ಹಾಗೆಂದರೇನು ಅಂತ ಬೆಂಗಳೂರಿನ ಓದುಗರು ಕೇಳಬಹುದು. ಗುರುವಿನಿಂದ ದೀಕ್ಷೆ ತೆಗೆದುಕೊಂಡು, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು, ಮಲೆ ಮಾದೇಶ್ವರನ ಕಥೆಯನ್ನು ಹಾಡುತ್ತ ಮನೆಮನೆಯ ಮುಂದೆ ನಿಂತು ಭಿಕ್ಷೆ ಕೇಳುವವನೇ ಗುಡ್ಡ. ಆ ಭಿಕ್ಷೆಗೆ ನಮ್ಮ ಕಡೆ ಕೋರಣ್ಯ ಅನ್ನುತ್ತೇವೆ. ಅದು ಹೊಟ್ಟೆಪಾಡಿನ ತಿರುಪೆ ಅಲ್ಲ, ದೇವರ ಹೆಸರಿನ ವ್ರತ. ಹರಕೆ ಹೊತ್ತರೆ ಉಳ್ಳವರೂ ಜೋಳಿಗೆ ಹಿಡಿಯುತ್ತಾರೆ.

ಇದೆಲ್ಲ ಈಗ ತಿಳಿದ ಮಾತು. ಹೈಸ್ಕೂಲಿನಲ್ಲಿದ್ದಾಗ ನನಗೆ ತಿಳಿದದ್ದು ಒಂದೇ: ನಮ್ಮ ಮಾವ ಬೀದಿಯಲ್ಲಿ ಬೇಡುತ್ತಾನೆ! ಒಂದು ಸಲ ಶಿವರಾತ್ರಿಗೆ ಮುಂಚೆ ನಮ್ಮ ಸ್ಕೂಲಿನ ಬೀದಿಗೇ ಬಂದುಬಿಟ್ಟ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬೀಸಿ ತಲೆಯ ಮೇಲೊಂದು ಪೆಟ್ಟು, ಬೆನ್ನ ಹಿಂದೊಂದು ಪೆಟ್ಟು. ಹುಡುಗರೆಲ್ಲ ಬಾಯಿಬಿಟ್ಟು ನೋಡುತ್ತಿದ್ದರು. ಗೆಳೆಯನೊಬ್ಬ, “ಲೋ, ನಿಮ್ಮೂರ ಕಡೆಯವ್ನ್ ಕಣ್ಲಾ, ಗೊತ್ತಾ?” ಎಂದ. ನಾನು “ಯಾರೋ ಕಾಣೆ” ಅಂದುಬಿಟ್ಟೆ. ಹೇಳಿ ಗೆಳೆಯರ ಬೆನ್ನ ಹಿಂದೆ ಸರಿದೆ. ಮಾವ ನನ್ನನ್ನು ನೋಡಿದ್ದ. ಏನೂ ಅನ್ನಲಿಲ್ಲ. ಸಂಜೆ ಮನೆಗೆ ಬಂದು ಅಮ್ಮ ಕೊಟ್ಟ ಮುದ್ದೆ ಉಂಡ. ನನ್ನ ಕೈಗೆ ಒಂದು ಹಿಡಿ ಪುರಿ-ಕಡಲೆ ಹಾಕಿ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಿಳ್ಳೆ ಬಿದ್ದ ದಿನ

1996. ‘ಜನುಮದ ಜೋಡಿ’ ಬಂತು. ಪಾರ್ವತಮ್ಮ ರಾಜ್‌ಕುಮಾರ್ ಅವರ ನಿರ್ಮಾಣ, ಟಿ.ಎಸ್. ನಾಗಾಭರಣರ ನಿರ್ದೇಶನ, ವಿ. ಮನೋಹರ್ ಸಂಗೀತ, ನಮ್ಮ ಶಿವಣ್ಣ ಹೀರೋ. ಕಥೆಯ ಬೇರು ಗುಜರಾತಿನ ಪನ್ನಾಲಾಲ್ ಪಟೇಲರ ‘ಮಳೇಲಾ ಜೀವ್’ ಕಾದಂಬರಿಯಲ್ಲಿ. ಆದರೆ ತೆರೆಯ ಮೇಲೆ ಬಂದದ್ದು ಅಪ್ಪಟ ನಮ್ಮ ಮಣ್ಣಿನ ವಾಸನೆ. ಎಲ್.ಎನ್. ಶಾಸ್ತ್ರಿಗಳ ಕಂಠದಲ್ಲಿ ಕೋಲುಮಂಡೆ ಹಾಡು ಬಂತು ನೋಡಿ... ನಮ್ಮೂರ ಟಾಕೀಸಿನ ಶೀಟು ಹಾರಿಹೋಗದೆ ಉಳಿದದ್ದೇ ಪುಣ್ಯ! ಆ ಹಾಡಿಗೆ ಶಾಸ್ತ್ರಿಗಳಿಗೆ ರಾಜ್ಯ ಪ್ರಶಸ್ತಿಯೂ ಬಂತು. 2017ರಲ್ಲಿ ಅವರು ತೀರಿಕೊಂಡಾಗ ಊರೂರಲ್ಲಿ ಜನ ನೆನೆದದ್ದು ಇದೇ ಹಾಡನ್ನು.

ನನಗಂತೂ ಒಂದೇ ದಿನದಲ್ಲಿ ಕೋಡು ಮೂಡಿತು. ನಿನ್ನೆಯವರೆಗೆ “ಯಾರೋ ಕಾಣೆ” ಎಂದವನು, “ಈ ಹಾಡು ನಮ್ಮ ಮಾವನದು ಕಣ್ರೋ” ಎಂದು ಡಂಗುರ ಹೊಡೆದೆ. ಅಷ್ಟೇ ಅಲ್ಲ, ಮಾವನನ್ನೇ ಬಲವಂತವಾಗಿ ಪಿಕ್ಚರಿಗೆ ಕರೆದುಕೊಂಡು ಹೋದೆ. ಗಾಂಧಿಕ್ಲಾಸು. ಹಾಡು ಶುರುವಾದದ್ದೇ ತಡ, ಮಾವ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗಿಟ್ಟು ಎದ್ದು ನಿಂತುಬಿಟ್ಟ! ಹಿಂದಿನವರು “ಏ ಕೂತ್ಕೊಳೋ ಯಜ್ಮಾನ” ಎಂದು ಕೂಗಿದರು. ಆತ ಕೂರಲಿಲ್ಲ. ಅಷ್ಟರಲ್ಲಿ ಅಭಿಮಾನಿಗಳು ತೆರೆಯ ಮೇಲೆ ಕಾಸು ಎರಚಲು ಶುರುಮಾಡಿದರು. ನಾಲ್ಕಾಣೆ, ಎಂಟಾಣೆ, ರೂಪಾಯಿ, ಮಳೆ ಬಿದ್ದ ಹಾಗೆ.

ಆಟ ಬಿಟ್ಟಮೇಲೆ ಟೀ ಅಂಗಡಿಯಲ್ಲಿ ಕೇಳಿದೆ, “ಹೆಂಗಿತ್ತು ಮಾವ?”

“ಚೆಂದಾಗಿ ಹಾಡವ್ರೆ ಕನಾ. ಗಂಟ್ಲು ಐತೆ ಆ ಪುಣ್ಯಾತ್ಮಂಗೆ” ಎಂದ. ಟೀ ಕುಡಿದ. ಆಮೇಲೆ ಕೇಳಿದ ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ: “ಅಲ್ಲ ಕೂಸು, ಕೋರಣ್ಯ ಕೇಳಿದ್ರು. ಜನ ಕಾಸು ಹಾಕಿದ್ರು. ಎತ್ಕಂಡೋರು ಯಾರು?”

ಎತ್ತಿಕೊಂಡವರು ಟಾಕೀಸು ಗುಡಿಸುವ ಹುಡುಗರು. ನಾನು ನಗುತ್ತಾ ಹಾಗೇ ಹೇಳಿದೆ. ಮಾವನೂ ನಕ್ಕ.

ಆಮೇಲೆ ಬಂತು ಡಿ.ಜೆ.

ವರ್ಷಗಳು ಉರುಳಿದವು. 2020ರ ಆಗಸ್ಟು, ಗಣೇಶನ ಹಬ್ಬದ ಹೊತ್ತು. ಕೊರೊನಾ ಕಾಲ. ಟಾಕೀಸಿಗೆ ಬೀಗ, ಜಾತ್ರೆಗೆ ಬೀಗ, ಮೆರವಣಿಗೆಗೆ ಬೀಗ. ಊರಿಗೆ ಊರೇ ಮೊಬೈಲು ಹಿಡಿದು ಕೂತಿದ್ದಾಗ ಬಿಗ್ ಬಾಸ್ ಗೆದ್ದಿದ್ದ ರ್‍ಯಾಪರ್ ಚಂದನ್ ಶೆಟ್ಟಿ ಅವರ ಹೊಸ ‘ಕೋಲುಮಂಡೆ’ ಬಂತು. ಹಳೆಯ ಪಲ್ಲವಿ, ಹೊಸ ಬೀಟು. ಪಡ್ಡೆ ಹುಡುಗರು ಹುಚ್ಚೆದ್ದರು. ಜೊತೆಗೇ ಗಲಾಟೆಯೂ ಎದ್ದಿತು. ವಿಡಿಯೋದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಸರಿಯಿಲ್ಲವೆಂದು ಮಾದಪ್ಪನ ಒಕ್ಕಲಿನವರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು. ಮೊದಲು ಬಿಟ್ಟ ವಿಡಿಯೋ ಯೂಟ್ಯೂಬಿನಿಂದ ಇಳಿಯಿತು.

ವಿಡಿಯೋ ಇಳಿದರೂ ಹಾಡು ಇಳಿಯಲಿಲ್ಲ! ಕೊರೊನಾ ಕಳೆದಮೇಲೆ ಗಣೇಶನ ಮೆರವಣಿಗೆ ಇರಲಿ, ಮದುವೆ ದಿಬ್ಬಣ ಇರಲಿ, ಕೋಲುಮಂಡೆ ಡಿ.ಜೆ. ಬೀಳದಿದ್ದರೆ ಹುಡುಗರ ಕಾಲು ಏಳುವುದಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದ ಹಳ್ಳಿಗರು 1861ರ ಅಂತರ್ಯುದ್ಧಕ್ಕೂ ಮೊದಲಿನಿಂದ ಹಾಡಿಕೊಂಡು ಬಂದ ‘ಕಾಟನ್ ಐ ಜೋ’ ಎಂಬ ಪದವನ್ನು 1994ರಲ್ಲಿ ಸ್ವೀಡನ್ ದೇಶದ ರೆಡ್‌ನೆಕ್ಸ್ ಎಂಬ ತಂಡ ಡಿಸ್ಕೋ ಕುಣಿತಕ್ಕೆ ಇಳಿಸಿ ಯುರೋಪನ್ನೆಲ್ಲ ಕುಣಿಸಿತು. ಎಲ್ಲ ದೇಶದಲ್ಲೂ ಹಳ್ಳಿ ಹಾಡಿಗೆ ಒಂದೇ ಹಣೆಬರಹ. ಕಟ್ಟಿದವನ ಹೆಸರಿಲ್ಲ, ಯಜಮಾನನಿಲ್ಲ. ಯಜಮಾನನಿಲ್ಲದ ಹಾಡಿಗೆ ರಾಯಲ್ಟಿ ಯಾರಿಗೆ ಕೊಡುವುದು? ರೆಕಾರ್ಡು ಮಾಡಿದವರಿಗೆ ಹಕ್ಕುಂಟು, ಹಾಡು ಕಾಪಾಡಿಕೊಂಡು ಬಂದ ಗುಡ್ಡನಿಗಿಲ್ಲ. ಮಾವನ ಪ್ರಶ್ನೆ ಅಲ್ಲೇ ನಿಂತಿದೆ: ಎತ್ಕಂಡೋರು ಯಾರು?

ಆಗ ಮಾವನಿಗೆ ಎಪ್ಪತ್ತು ದಾಟಿತ್ತು. ಮೊಮ್ಮಗನೇ ತಾತನ ಕಿವಿಗೆ ಮೊಬೈಲು ಹಿಡಿದು ಹೊಸ ಹಾಡು ಕೇಳಿಸಿದ. ಮುದುಕ ಮೊಬೈಲು ಕಿತ್ತು ಎಸೆಯುತ್ತಾನೆ ಎಂದುಕೊಂಡಿದ್ದೆ. ಇಲ್ಲ! ಬೆರಳಲ್ಲಿ ತೊಡೆ ತಟ್ಟುತ್ತ ಪೂರ್ತಿ ಕೇಳಿದ. “ತಾಳ ಸರ್ಯಾಗದೆ. ಹೈಕ ಕುಣೀಲಿ ಬುಡು” ಎಂದ. ವಿಡಿಯೋ ತೋರಿಸಿದಾಗ ಮಾತ್ರ ಮುಖ ತಿರುಗಿಸಿಕೊಂಡ. “ಅವ್ವನ್ನ ಹಂಗ್ ತೋರುಸ್ಬಾರ್ದಾಗಿತ್ತು.”

ಇದು ಯಾಕೆ ಅಷ್ಟು ನೋವಿನ ಮಾತು ಎಂದು ಕಥೆ ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಗಂಡ ಕಾಡಿಗೆ ಹೋಗಬೇಕು. ಹೋಗುವ ಮುನ್ನ ಹೆಂಡತಿಯ ಶೀಲದ ಮೇಲೆ ಅನುಮಾನ. ‘ಭಾಷೆ ಕೊಡು’ ಅನ್ನುತ್ತಾನೆ. ಆಕೆ ಕೊಡುವುದಿಲ್ಲ. ತಪ್ಪೇ ಮಾಡದವಳು ಭಾಷೆ ಏಕೆ ಕೊಡಬೇಕು? ಗಂಡ ಚಿತ್ರಹಿಂಸೆ ಕೊಡುತ್ತಾನೆ. ಆಕೆ ಬಗ್ಗುವುದಿಲ್ಲ. ಆಗ ಜಂಗಮನ ವೇಷದಲ್ಲಿ ಬರುತ್ತಾನೆ ಮಾದಪ್ಪ. ಆಕೆಯ ಸಂಕಟ ಬಿಡಿಸಿ ಅವಳಿ ಮಕ್ಕಳ ಭಾಗ್ಯ ಕೊಡುತ್ತಾನೆ. ಇಂಥ ಹೆಣ್ಣಿನ ಮೈಯನ್ನೇ ಕ್ಯಾಮೆರಾಗೆ ಒಡ್ಡಿದರೆ ಒಕ್ಕಲಿನವರಿಗೆ ಹೇಗಾಗಬೇಡ? ಮಾವನ ಸಿಟ್ಟು ಬೀಟಿನ ಮೇಲಲ್ಲ, ಕಥೆ ಮರೆತದ್ದರ ಮೇಲೆ.

ಈ ಕಥೆ ಒಂದೆರಡು ಹಾಡಿನದಲ್ಲ ಸ್ವಾಮಿ. ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಭಾಗಗಳು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೇಶವನ್ ಪ್ರಸಾದ್ ಬರೆದುಕೊಂಡದ್ದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಅಚ್ಚು ಹಾಕಿತು. ತಲೆದಿಂಬಿನಷ್ಟು ದಪ್ಪದ ಪುಸ್ತಕ! ಅಕ್ಷರ ಬಾರದವರ ನಾಲಗೆಯ ಮೇಲೆ ಅಷ್ಟೂ ಕೂತಿತ್ತು ಅಂದರೆ ನಂಬುತ್ತೀರಾ?

2022ರಲ್ಲಿ ಮಾವ ಹೋಗಿಬಿಟ್ಟ. ಮಗ ಬೇಸಾಯಗಾರ, ದೀಕ್ಷೆ ತೆಗೆದುಕೊಳ್ಳಲಿಲ್ಲ. ಮೊಮ್ಮಗ ಬೆಂಗಳೂರಿನಲ್ಲಿ ಮದುವೆ ಮನೆಗಳಿಗೆ ಡಿ.ಜೆ. ಹಾಕುವ ಕೆಲಸದಲ್ಲಿದ್ದಾನೆ. ಕಂಸಾಳೆ ಗೂಟದಲ್ಲಿ ನೇತಾಡುತ್ತಿತ್ತು. “ಮಾವ, ಅದನ್ನ ಬೆಟ್ಟಕ್ಕೆ ಒಪ್ಪಿಸಿಬಿಡಿ. ನನಗೆ ಪುರುಸೊತ್ತಿಲ್ಲ” ಎಂದು ಫೋನು ಮಾಡಿದ. ಹೀಗಾಗಿ 2024ರ ಆ ಬೆಳಿಗ್ಗೆ ನನ್ನ ತೊಡೆಯ ಮೇಲೆ ಚೀಲ!

ಏಳು ಮಲೆ ಎಪ್ಪತ್ತೇಳು ಮಲೆ

ಹನೂರಿನಲ್ಲಿ ಬಸ್ಸು ಕಾಫಿಗೆ ನಿಂತಿತು. ಕೌದಳ್ಳಿ ದಾಟಿದ ಮೇಲೆ ಬಯಲು ಮುಗಿದು ಕಾಡು ಹತ್ತಿರವಾಗುತ್ತದೆ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹತ್ತಿರ ಹತ್ತಿರ 80 ಕಿಲೋಮೀಟರು. 1956ಕ್ಕೆ ಮೊದಲು ಈ ಸೀಮೆಯೆಲ್ಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇದೇ ಕಾಡುಸೀಮೆಯ ಇನ್ನೊಂದು ಮಗ್ಗುಲಿಗೆ, ಈಗ ತಮಿಳುನಾಡಿಗೆ ಸೇರಿದ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ ಎಂಬ ಕೂಸೇ ಮುಂದೆ ನಮ್ಮ ಅಣ್ಣಾವ್ರು ಆದದ್ದು. 2000ದ ಜುಲೈ 30ರಂದು ಅದೇ ಊರಿನ ಮನೆಯಿಂದ ವೀರಪ್ಪನ್ ಅವರನ್ನು ಕರೆದೊಯ್ದಾಗ 108 ದಿನ ನಾವೆಲ್ಲ ಉಸಿರು ಹಿಡಿದು ಕೂತಿದ್ದೆವಲ್ಲ! ಆ ವೀರಪ್ಪನ್ ಹುಟ್ಟಿದ ಗೋಪಿನಾಥಂ ಬೆಟ್ಟದಿಂದ ದೂರವಲ್ಲ. 2004ರ ಅಕ್ಟೋಬರ್‌ನಲ್ಲಿ ಅವನ ಕಥೆ ಮುಗಿಯಿತು. 2013ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು.

ತಾಳಬೆಟ್ಟದಲ್ಲಿ ಬಸ್ಸು ನಿಂತಿತು. ಇಲ್ಲಿ ಕಾಯಿ ಒಡೆದು, ಧೂಪ ಹಾಕಿ, ಕೆಲವರು ನಡೆದೇ ಹತ್ತುತ್ತಾರೆ. “ಉಘೇ ಮಾದಪ್ಪ!” ಎಂದು ಒಬ್ಬ ಕೂಗಿದ. ಇಡೀ ಬಸ್ಸು “ಉಘೇ ಉಘೇ!” ಎಂದಿತು. ಓಲೆ ಹಾಕಿದ ಹುಡುಗನ ಕೂಗೇ ಎಲ್ಲರಿಗಿಂತ ಜೋರು. ಅಜ್ಜಿ ತಿರುಗಿ ನೋಡಿ ಸಮಾಧಾನಪಟ್ಟುಕೊಂಡಿತು. ಅಲ್ಲಿಂದ ಮೇಲೆ ಬರೀ ತಿರುವು. ಡ್ರೈವರಣ್ಣ ಒಂದೊಂದು ತಿರುವಿನಲ್ಲೂ ಸ್ಟೇರಿಂಗು ಪೂರಾ ಮುರಿದಾಗ ಎಡಕ್ಕೆ ಪ್ರಪಾತ, ಬಲಕ್ಕೆ ಬಂಡೆ, ಎದುರಿಗೆ ಮಲೆಯ ಹಿಂದೆ ಮಲೆ. ಏಳು ಮಲೆ ಎಪ್ಪತ್ತೇಳು ಮಲೆ ಅಂತ ಹಾಡುವುದು ಸುಮ್ಮನಲ್ಲ ಎಂದು ಹೊಟ್ಟೆ ತೊಳಸಿದಾಗ ಗೊತ್ತಾಯಿತು!

ಮೇಲೆ ಹೋದರೆ ಹುಲಿಯ ಮೇಲೆ ಕೂತ ಮಾದಪ್ಪನ 108 ಅಡಿಯ ಮೂರ್ತಿ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದದ್ದು. ಯಾವ ಸ್ಟಾರಿನ ಕಟೌಟೂ ಇದರ ಮುಂದೆ ನಿಲ್ಲದು. ಗುಡಿಯ ಸುತ್ತ ಉರುಳು ಸೇವೆ, ಪಂಜಿನ ಸೇವೆ, ಹುಲಿವಾಹನದ ಉತ್ಸವ. ಪೂಜೆ ಬೇಡಗಂಪಣರದು. ದೀಪಾವಳಿಯಲ್ಲಿ ಅವರ ಹೆಣ್ಣುಮಕ್ಕಳು ಹಳ್ಳದಿಂದ ನೀರು ಹೊತ್ತು ತರುವ ಹಾಲರವೆ ಉತ್ಸವ ನೋಡಬೇಕು ನೀವು!

ಒಪ್ಪಿಸಲು ಹೋದವನಿಗೆ

ಗುಡಿಯ ಹೊರಗೆ ಮರದ ನೆರಳಿನಲ್ಲಿ ಒಬ್ಬ ವಯಸ್ಸಾದ ಗುಡ್ಡಪ್ಪ, ಜೊತೆಗೆ ಇಬ್ಬರು. ಹಾಡು ನಡೆದಿತ್ತು. ಸುತ್ತ ಮೂವತ್ತು ನಲವತ್ತು ಜನ. ಅಷ್ಟೂ ಕೈಗಳಲ್ಲಿ ಮೊಬೈಲು. ಎಲ್ಲರೂ ವಿಡಿಯೋ ತೆಗೆಯುತ್ತಿದ್ದರು, ಜೋಳಿಗೆಗೆ ಕೈ ಹಾಕಿದವರು ನಾಲ್ಕೇ ಜನ. ಹಾಡು ಮುಗಿದ ಮೇಲೆ ನಾನು ಚೀಲ ಬಿಚ್ಚಿ ಕಂಸಾಳೆ ಮುಂದಿಟ್ಟು, ಮಾವನ ಹೆಸರು ಹೇಳಿದೆ.

ಗುಡ್ಡಪ್ಪ ಅದನ್ನು ಕೈಗೆತ್ತಿಕೊಂಡು ಅಂಚು ಸವರಿದ. “ಒಳ್ಳೆ ಕಂಚು. ಚೆಂದಾಗಿ ಸವ್ದದೆ. ಏನ್ ಮಾಡ್ಬೇಕು ಈಗ?”

“ಮಾದಪ್ಪನಿಗೆ ಒಪ್ಪಿಸಬೇಕು ಬುದ್ಧಿ. ನಮ್ಮಲ್ಲಿ ಬಾರಿಸುವವರಿಲ್ಲ.”

ಆತ ನಕ್ಕ. “ಮಾದಪ್ಪಂಗೆ ಕಂಚು ಕಮ್ಮಿ ಆಗದಾ? ಬಾರ್ಸೋರು ಕಮ್ಮಿ ಆಗವ್ರೆ. ಇದ ತಕ್ಕಂಡು ಹೋಗು.”

ನಾನು ನೂರರ ನೋಟು ತೆಗೆದೆ. ಅದಕ್ಕೂ ಕೈ ಅಡ್ಡ ಹಿಡಿದ. “ನಿಮ್ಮಾವ ಎಷ್ಟು ವರ್ಸ ಕೋರಣ್ಯ ಎತ್ತವ್ನೆ? ನೀ ಒಂದ್ ದಿನನಾರ ಎತ್ತಿದ್ದೀಯಾ?”

ಗಂಟಲು ಕಟ್ಟಿತು. ಇಲ್ಲ ಎಂದೆ.

“ಹಂಗಾರೆ ಮೂರ್ ಜನದ ಮುಂದೆ ನಿಂತ್ಕಂಡು ಕೇಳು. ಬಂದದ್ದ ಹುಂಡಿಗಾಕು. ಅದೇ ಒಪ್ಸದು.”

ಓದುಗ ಮಿತ್ರರೇ, ನಾನು ಬ್ಯಾಂಕಿನಿಂದ ಸಾಲ ಕೇಳಿದ್ದೇನೆ, ಬಾಲ್ಕನಿ ಟಿಕೆಟ್ಟಿಗೆ ಗೇಟ್‌ಕೀಪರನನ್ನು ಗೋಗರೆದಿದ್ದೇನೆ. ಆದರೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಟವಲು ಒಡ್ಡಿ, ಗುರುತಿಲ್ಲದವರ ಮುಂದೆ ನಿಲ್ಲುವುದಿದೆಯಲ್ಲ... ಕಾಲು ನಡುಗಿತು. ಮೊದಲು ಕೇಳಿದ ಯಜಮಾನರು ಮೇಲಿಂದ ಕೆಳಗೆ ನೋಡಿ, “ಕೈಕಾಲು ಗಟ್ಟಿ ಅವೆ, ದುಡಿಯಕ್ಕಾಗಲ್ವಾ?” ಎಂದು ನಡೆದುಬಿಟ್ಟರು. ಕಿವಿ ಬಿಸಿಯಾಯಿತು. ಸ್ಕೂಲಿನ ಬೀದಿ, ಮಾವ, ಗೆಳೆಯರ ಬೆನ್ನು, ಎಲ್ಲ ಕಣ್ಣ ಮುಂದೆ ಬಂತು. ಇಂಥ ಮಾತು ಎಷ್ಟು ಕೇಳಿಸಿಕೊಂಡಿದ್ದನೋ ಪುಣ್ಯಾತ್ಮ! ಅದರ ಮೇಲೆ ನನ್ನ “ಯಾರೋ ಕಾಣೆ” ಬೇರೆ.

ಎರಡನೆಯವಳು ನಮ್ಮ ಬಸ್ಸಿನ ಅಜ್ಜಿ. ಏನೂ ಕೇಳದೆ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಹಾಕಿತು. ಆಮೇಲೆ ಇಬ್ಬರು ಹೆಣ್ಣುಮಕ್ಕಳು ಒಂದು ಹಿಡಿ ಅಕ್ಕಿ ಹಾಕಿದರು. ಮೂರನೆಯದು ಯಾರನ್ನು ಕೇಳಲಿ ಎಂದು ನೋಡುತ್ತಿದ್ದೆ, ಎದುರಿಗೇ ಬಂತು ಬಣ್ಣದ ತಲೆ, ಓಲೆಯ ಕಿವಿ! ಅವನು ಗುರುತು ಹಿಡಿದು, “ಏನಣ್ಣ ಇದು?” ಎಂದ. ಇದ್ದದ್ದು ಹೇಳಿದೆ. ಪ್ಯಾಂಟಿನ ಜೇಬಿನಲ್ಲೆಲ್ಲ ತಡಕಾಡಿ, “ಕ್ಯಾಶ್ ಇಲ್ಲ ಅಣ್ಣ, ಫೋನ್‌ಪೇ ಮಾಡ್ಲಾ?” ಎಂದ. ಇಬ್ಬರೂ ನಕ್ಕೆವು. ಕೊನೆಗೆ ಚಪ್ಪಲಿ ಸ್ಟ್ಯಾಂಡಿಗೆಂದು ಇಟ್ಟುಕೊಂಡಿದ್ದ ಹತ್ತು ರೂಪಾಯಿ ಟವಲಿಗೆ ಹಾಕಿದ. ಹಾಕುವ ಮುಂಚೆ ಆ ಹುಡುಗ ಮಾಡಿದ್ದೇನು ಗೊತ್ತೆ? ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ನಿಂತ. ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಂಧಿಕ್ಲಾಸಿನ ಬೆಂಚಿನ ಕೆಳಗಿನ ಚಪ್ಪಲಿ ನೆನಪಾಯಿತು.

ಬಂದದ್ದನ್ನು ಹುಂಡಿಗೆ ಹಾಕಿದೆ. ಗುಡ್ಡಪ್ಪ ನನ್ನ ಹಣೆಗೆ ವಿಭೂತಿ ಬಳಿದು, ಮಾವನ ಕಂಸಾಳೆಯನ್ನು ಒಂದೇ ಒಂದು ಸಲ ಬೀಸಿದ. ‘ಖಣ್!’ ಎರಡು ವರ್ಷ ಗೂಟದಲ್ಲಿ ಕೂತಿದ್ದ ಕಂಚು ಬೆಟ್ಟಕ್ಕೆಲ್ಲ ಕೇಳುವಂತೆ ಮಾತಾಡಿತು. ಹುಡುಗ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಆಮೇಲೆ ಗುಡ್ಡಪ್ಪನ ಜೋಳಿಗೆಯ ಪಕ್ಕ ಕೂತು, “ತಾತ, ಸಂಕಮ್ಮ ಅಂದ್ರೆ ಯಾರು? ಆವತ್ತು ಗಲಾಟೆ ಯಾಕಾಯ್ತು?” ಎಂದು ಕೇಳಿದ. ಗುಡ್ಡಪ್ಪ, “ಹೊತ್ತದಾ? ಒಂದ್ ರಾತ್ರಿ ಬೇಕು” ಎಂದ. ಹುಡುಗ ವಾಪಸು ಹೋಗುವ ನಾಲ್ಕು ಗಂಟೆಯ ಬಸ್ಸು ಹತ್ತಲಿಲ್ಲ.

ನಾನು ಹತ್ತಿದೆ. ಕೈಯಲ್ಲಿ ಲಾಡು, ತೊಡೆಯ ಮೇಲೆ ಮತ್ತದೇ ಚೀಲ. ತಾಳಬೆಟ್ಟ ಇಳಿದಮೇಲೆ ಸಿಗ್ನಲ್ ಬಂತು, ಅಳಿಯನ ಫೋನೂ ಬಂತು.

“ಮಾವ, ಒಪ್ಪಿಸಿದ್ರಾ?”

“ಇಲ್ಲಪ್ಪ. ವಾಪಸ್ ಕಳಿಸಿದ್ರು. ಬಾರ್ಸೋರು ಕಮ್ಮಿ ಅಂತೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಯಾವುದೋ ಮದುವೆ ಮನೆಯ ಬೀಟು ಗುದ್ದುತ್ತಿತ್ತು. ಯಾವ ಹಾಡು ಅಂತ ನಾನೇನೂ ಹೇಳಬೇಕಾಗಿಲ್ಲ.

“ಸರಿ, ಮನೇಲಿಟ್ಟಿರಿ” ಎಂದ. “ದೀಪಾವಳಿಗೆ ಬರ್ತೀನಿ. ತಾತ ಹೆಂಗೆ ಬೀಸ್ತಿದ್ರು ಅನ್ನೋದು ನಿಮಗೆ ನೆನಪಿದೆಯಾ ಮಾವ?”

ನೆನಪಿದೆಯಾ? ಗೆಳೆಯರ ಬೆನ್ನ ಹಿಂದೆ ನಿಂತೇ ನೋಡಿದ್ದು. ಆದರೂ ಒಂದು ಪೆಟ್ಟನ್ನೂ ಮರೆತಿಲ್ಲ ಎಂದೆ.